‘ಡಬಲ್ ಹೆಟ್’ ಅಂದ ಮಾತ್ರಕ್ಕೆ ದುಡ್ಡು ಕಳಿಸಬೇಡಿ

ಮಿಲ್ಕ್ ಸ್ನೇಕ್, ಕಿಂಗ್ ಸ್ನೇಕ್ ಅನ್ನುವ ಹೊರದೇಶದ ಸಾಕುಹಾವು ತಂದು ಅಪರೂಪದ ಬಣ್ಣದ ಮರಿ ಮಾಡಿಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ, ದಯವಿಟ್ಟು ಮೊದಲು ಇದನ್ನು ಪೂರ್ತಿ ಓದಿ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಐದು ವರ್ಷ ಇದರ ಹಿಂದೆ ಬಿದ್ದಿದ್ದೆ. ಹೋದ ದುಡ್ಡಿನ ಮಾತು ಹಾಗಿರಲಿ, ನನ್ನನ್ನೇ ನಂಬಿಕೊಂಡಿದ್ದ ಜೀವಗಳು ಹೋದವು.

ನಾನು ತಂದಿದ್ದು ಹೊಂಡುರಾಸ್ ಮಿಲ್ಕ್ ಸ್ನೇಕ್, ಒಂದು ವರ್ಷದ ಮರಿಗಳ ಜೋಡಿ. ಕೆಂಪು, ಕಪ್ಪು, ಕಿತ್ತಳೆ ಪಟ್ಟೆ. ಅಲ್ಲಿನ ವಿಷದ ಕೋರಲ್ ಹಾವಿನ ಹಾಗೆ ಕಾಣುತ್ತದೆ, ಆದರೆ ವಿಷ ಇಲ್ಲ. ಮಾರಿದವನು ‘ಡಬಲ್ ಹೆಟ್ ಸ್ನೋ’ ಅಂದಿದ್ದ. ಅಂದರೆ ಕಪ್ಪು ಬಣ್ಣ ಇಲ್ಲದ ಅಲ್ಬಿನೊ ಗುಣ ಒಂದು, ಕೆಂಪು ಬಣ್ಣ ಇಲ್ಲದ ಅನೆರಿ ಗುಣ ಇನ್ನೊಂದು. ಎರಡೂ ಹಾವಿನ ರಕ್ತದಲ್ಲಿ ಅಡಗಿವೆ, ಮೈಮೇಲೆ ಕಾಣುವುದಿಲ್ಲ ಅಂತ ಅರ್ಥ. ಎರಡೂ ಕೂಡಿ ಹೊರಗೆ ಬಂದರೆ ಬಿಳಿಗುಲಾಬಿ ಬಣ್ಣದ ‘ಸ್ನೋ’ ಮರಿ. ಮೋಸಕ್ಕೆ ದಾರಿ ಆಗುವುದೇ ಇಲ್ಲಿ. ಹೆಟ್ ಹಾವಿಗೂ ಸಾಮಾನ್ಯ ಹಾವಿಗೂ ನೋಡಲು ಸಾಮಾನ್ಯವಾಗಿ ಏನೂ ವ್ಯತ್ಯಾಸ ಇಲ್ಲ, ಬೆಲೆಯಲ್ಲಿ ಮಾತ್ರ ಭಾರೀ ವ್ಯತ್ಯಾಸ. ನಾನು ಕೊಟ್ಟಿದ್ದು ಒಂದು ಕ್ವಿಂಟಲ್ ಅಡಿಕೆಯ ದುಡ್ಡು.

ಬಸ್ಸಿನ ಪಾರ್ಸೆಲ್‌ನಲ್ಲಿ, ತೂತು ಕೊರೆದ ಮಿಠಾಯಿ ಡಬ್ಬಿಯಲ್ಲಿ ಬಂದವು. ಕಾಗದಪತ್ರ ಕೇಳಿದ್ದಕ್ಕೆ, ‘ಇದು ಸೈಟಿಸ್ ಪಟ್ಟಿಯಲ್ಲಿಲ್ಲ ಸಾರ್, ಏನೂ ಬೇಡ’ ಅಂದ. ಸೈಟಿಸ್ ಅಂದರೆ ಅಳಿವಿನ ಭಯವಿರುವ ಪ್ರಾಣಿ, ಸಸ್ಯಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ. ಪಟ್ಟಿಯಲ್ಲಿರುವ ಪ್ರಾಣಿಯಾದರೆ, ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ನೋಂದಣಿ ಕಡ್ಡಾಯ. ಪಟ್ಟಿಯಲ್ಲಿ ಇಲ್ಲದಿದ್ದರೂ ಹೊರದೇಶದ ಜೀವಂತ ಪ್ರಾಣಿ ಒಳಗೆ ಬರಬೇಕಾದರೆ ಆಮದು ಅನುಮತಿ ಬೇಕೇ ಬೇಕು. ಅದರ ಮೂಲ ಎಲ್ಲಿ ಅಂತ ತೋರಿಸಲಾಗದ ಪ್ರಾಣಿಯನ್ನು ಕೊಳ್ಳಬಾರದಿತ್ತು. ನಾನು ಕೊಂಡೆ, ತಪ್ಪು ನನ್ನದೇ.

ಎರಡು ವರ್ಷ ಸಾಕಿದೆ. ಈ ಹಾವು ಕೂಡಲಿ ಅಂತ ಸಾಮಾನ್ಯವಾಗಿ ಚಳಿಗಾಲದಲ್ಲಿ ಎರಡು ಮೂರು ತಿಂಗಳು ತಣ್ಣಗಿಡುತ್ತಾರೆ. ಶಿರಸಿಯಲ್ಲಿ ರಾತ್ರಿ ಚಳಿ ಬಿದ್ದರೂ ಹಗಲು ಬಿಸಿಲು ಏರುತ್ತದೆ. ಕಾರವಾರ, ಕುಮಟಾ ಕಡೆ ಚಳಿಗಾಲ ಹೆಸರಿಗೆ ಮಾತ್ರ. ಹಳೇ ಫ್ರಿಜ್ಜಿಗೆ ಥರ್ಮೋಸ್ಟ್ಯಾಟ್ ಹಾಕಿಸಿ 13 ಡಿಗ್ರಿಯಲ್ಲಿಟ್ಟೆ. ಹೊಟ್ಟೆಯಲ್ಲಿ ಆಹಾರ ಉಳಿದರೆ ಒಳಗೇ ಕೊಳೆಯುತ್ತದೆ, ಹಾಗಾಗಿ ಅದಕ್ಕೂ ಎರಡು ವಾರ ಮೊದಲಿಂದಲೇ ಏನೂ ಕೊಡಲಿಲ್ಲ. ಆಯಿ ಒಮ್ಮೆ ಬಂದು ನೋಡಿ, ‘ಉಪಾಸ ಹಾಕಿ ಎಂತ ಸಿಕ್ತು ತಮಾ ನಿಂಗೆ?’ ಅಂತ ಕೇಳಿದಳು. ಉತ್ತರ ಕೊಡಲು ಆಗಲಿಲ್ಲ.

ಜೂನಿನಲ್ಲಿ ಏಳು ಮೊಟ್ಟೆ. 28 ಡಿಗ್ರಿಯಲ್ಲಿಟ್ಟರೆ ಎರಡು ತಿಂಗಳು ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕತೆ ಗೊತ್ತಲ್ಲ, ಹೋಗಿ ಬಂದಾಗಲೆಲ್ಲ ಶಾಖ ಏರಿಳಿಯಿತು. ಐದು ಒಡೆದವು, ಎರಡು ಒಡೆಯಲಿಲ್ಲ. ಆ ಎರಡನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಮರಿಗಳು ಪೂರ್ತಿ ಬೆಳೆದಿದ್ದವು. ಒಂದರ ಬೆನ್ನುಮೂಳೆ ಸೂಜಿಯ ಹೊಲಿಗೆಯ ಹಾಗೆ ಅಂಕುಡೊಂಕು. ಇನ್ನೊಂದಕ್ಕೆ ಒಂದು ಕಣ್ಣಿನ ಜಾಗದಲ್ಲಿ ಬರೀ ಹುರುಪೆ. ಶಾಖ ಹೆಚ್ಚಾದರೂ ಹೀಗಾಗುತ್ತದೆ, ಒಡಹುಟ್ಟಿದವನ್ನು ಕೂಡಿಸಿದರೂ ಆಗುತ್ತದೆ. ಮಾರಿದವನು ಕೊಟ್ಟಿದ್ದು ಅಣ್ಣ ತಂಗಿಯನ್ನೇ ಅಂತ ಆಮೇಲೆ ಅವನ ಬಾಯಲ್ಲೇ ಬಂತು. ಬಣ್ಣ ಗಟ್ಟಿ ಮಾಡಲು ಒಂದೇ ರಕ್ತದಲ್ಲಿ ಮತ್ತೆ ಮತ್ತೆ ಕೂಡಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಅದರ ಬೆಲೆ ತೆರುವುದು ಮರಿಗಳು.

ಬದುಕಿದ ಐದೂ ಸಾಮಾನ್ಯ ಬಣ್ಣದವು. ಫೋನ್ ಮಾಡಿದೆ. ‘ನಸೀಬು ಸಾರ್, ಮುಂದಿನ ವರ್ಷ ಬರತ್ತೆ’ ಅಂದ. ಲೆಕ್ಕ ಹಾಕಿದರೆ ಆ ಮಾತು ಸುಳ್ಳೂ ಅಲ್ಲ. ನಿಜವಾದ ಡಬಲ್ ಹೆಟ್ ಜೋಡಿಯಲ್ಲಿ 16ಕ್ಕೆ 9 ಮರಿ ಸಾಮಾನ್ಯ, 3 ಅಲ್ಬಿನೊ, 3 ಅನೆರಿ, ಒಂದೇ ಒಂದು ಸ್ನೋ. ಐದಕ್ಕೆ ಐದೂ ಸಾಮಾನ್ಯ ಆಗುವ ಸಂಭವ ನೂರಕ್ಕೆ ಆರರಷ್ಟು ಇದೆ. ಮರುವರ್ಷ ಇನ್ನಾರು ಮರಿ, ಅವೂ ಸಾಮಾನ್ಯ. ಹನ್ನೊಂದಕ್ಕೆ ಹನ್ನೊಂದೂ ಹೀಗಾಗುವುದು ಸಾವಿರಕ್ಕೆ ಎರಡು ಸಲಕ್ಕಿಂತ ಕಡಿಮೆ. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು, ಅವನ ನಂಬರ್ ಬಂದ್ ಆಗಿತ್ತು.

ನೀವು ಕೇಳಬೇಕಾದದ್ದು ಒಂದೇ: ತಂದೆ ತಾಯಿ ಯಾವ ಬಣ್ಣ, ತೋರಿಸು. ಒಂದು ಅಲ್ಬಿನೊ, ಇನ್ನೊಂದು ಅನೆರಿ ಇದ್ದರೆ, ಅಥವಾ ಒಂದು ಸ್ನೋ ಇದ್ದರೆ ಮಾತ್ರ ಮರಿ ಖಚಿತವಾಗಿ ಡಬಲ್ ಹೆಟ್. ‘ಶೇ. 66 ಹೆಟ್’ ಅಂದರೆ ಮೂರರಲ್ಲಿ ಒಂದು ಮರಿಯಲ್ಲಿ ಆ ಗುಣ ಇಲ್ಲವೇ ಇಲ್ಲ.

ಇಲ್ಲಿಗೇ ನಿಲ್ಲಿಸಬೇಕಿತ್ತು. ನನ್ನ ಹೆಣ್ಣು ಹಾವಿನಲ್ಲಿ ಅಲ್ಬಿನೊ ಗುಣ ಇದೆಯೋ ಇಲ್ಲವೋ ಕೂಡಿಸಿ ಪರೀಕ್ಷೆ ಮಾಡಿ ನೋಡೋಣ ಅಂತ ಇನ್ನೊಬ್ಬನಿಂದ ಅಲ್ಬಿನೊ ಗಂಡು ತಂದೆ. ಹೊಸ ಹಾವನ್ನು ಕಡಿಮೆ ಅಂದರೂ ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ನಾನು ಅದೇ ಕೋಣೆಯಲ್ಲಿಟ್ಟೆ, ಅದೇ ಚಿಮುಟದಲ್ಲಿ ಇಲಿ ಕೊಟ್ಟೆ. ಮೂರನೇ ದಿನ ಆ ಹೊಸ ಹಾವು ಇಲಿಯನ್ನು ಹೊರಗೆ ಕಕ್ಕಿತು. ಆಮೇಲೆ ನಡುಮೈಯಲ್ಲಿ ಗಟ್ಟಿ ಗಂಟು, ಇಡೀ ಅಡಿಕೆ ನುಂಗಿದ ಹಾಗೆ. ಹಾವು ನೋಡುವ ವೈದ್ಯರು ನನಗೆ ಹತ್ತಿರದಲ್ಲಿ ಸಿಗಲಿಲ್ಲ, ಮಾದರಿಯನ್ನು ದೂರ ಕಳಿಸಿದೆ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಕಣ್ಣಿಗೆ ಕಾಣದ ಪರೋಪಜೀವಿ ಅಂತ ಬಂತು. ಅದರಿಂದ ಜಠರದ ಗೋಡೆ ದಪ್ಪವಾಗುತ್ತದೆ. ಖಾತ್ರಿಯ ಮದ್ದಿಲ್ಲ, ಬ್ಲೀಚಿಗೂ ಸಾಯುವುದಿಲ್ಲ. ನನ್ನ ಹೆಣ್ಣು ಹಾವಿಗೂ ಹತ್ತಿತು. 280 ಗ್ರಾಂ ಇದ್ದದ್ದು 140ಕ್ಕೆ ಇಳಿಯಿತು. ಕೊನೆಗೆ ಕೈಯಲ್ಲಿ ಎತ್ತಿಕೊಂಡರೆ ಬೆನ್ನುಮೂಳೆ ಅಂಗೈಗೆ ಚುಚ್ಚುತ್ತಿತ್ತು. ಆದರೂ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು.

ಇನ್ನೊಂದನ್ನೂ ಹೇಳಲೇಬೇಕು, ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಮೊದಲ ವರ್ಷದ ಐದು ಮರಿಗಳಲ್ಲಿ ಒಂದು ತಪ್ಪಿಸಿಕೊಂಡಿತು. ಪೆನ್ಸಿಲಿನಷ್ಟು ಸಣ್ಣ ಮರಿ, ಹೀಟರಿನ ವೈರು ಹೋಗುವ ತೂತಿನಲ್ಲಿ ಹೋಗಿಬಿಟ್ಟಿತ್ತು. ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದಲ್ಲಿ ಹೀಗೇ ಸಾಕಿದವರ ಕೈ ತಪ್ಪಿದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ 1998ರ ಹೊತ್ತಿಗೆ ಕಾಡಿನಲ್ಲಿ ಕಾಣಿಸಿತು, ಅಲ್ಬಿನೊಗಳೂ ಸೇರಿ. ಈಗ ಅವು ಹಬ್ಬಿದಲ್ಲೆಲ್ಲ ಆ ದ್ವೀಪದ ದೊಡ್ಡ ಹಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ನನ್ನದು ಒಂದೇ ಮರಿ, ಒಂದರಿಂದ ಸಂತಾನ ಬೆಳೆಯುವುದಿಲ್ಲ ಅಂತ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಮಿಲ್ಕ್ ಸ್ನೇಕ್ ಮರಿಗೆ ಇಷ್ಟದ ಆಹಾರವೇ ಹಲ್ಲಿ, ನಮ್ಮ ತೋಟದ ತುಂಬ ಹಾವರಾಣಿಗಳು. ಅದರ ಮೈಯಲ್ಲಿ ಯಾವ ರೋಗ ಇತ್ತೋ ಯಾರು ಬಲ್ಲರು. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವಾಗ ಕೆಂಪಗೆ ಏನಾದರೂ ಕಂಡರೆ ಈಗಲೂ ಕೈ ನಿಲ್ಲುತ್ತದೆ, ಬಗ್ಗಿ ನೋಡುತ್ತೇನೆ.