ಎಂಟು ಮಳೆಗಾಲ ಕಂಡ ರೆವಾಕ್ಸ್ ಬಿ77: ಕರಾವಳಿಯ ಹವೆಯಲ್ಲಿ ಸ್ಪೂಲ್ ಕೇಳುವುದು

ಮಂಗಳೂರು, ಉಡುಪಿ ಕಡೆ ಸ್ಪೂಲ್ ಡೆಕ್ (ದೊಡ್ಡ ಸುರುಳಿಗಳ ಟೇಪು ಓಡಿಸುವ ಯಂತ್ರ) ತರುವುದಾದರೆ ಅದರ ಜತೆಗೇ ಕೋಣೆಗೊಂದು ಡೀಹ್ಯುಮಿಡಿಫೈಯರ್ ತನ್ನಿ. ಆಂಪ್ಲಿಫೈಯರ್ ಬದಲಾಯಿಸುವ ಯೋಚನೆ ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ತೇವ 85-90 ಶೇಕಡಾ ದಾಟುತ್ತದೆ. ಟೇಪಿಗೆ ಬೇಕಾದದ್ದು 40ರಿಂದ 50. ಎಂಟು ಮಳೆಗಾಲದ ಬಳಕೆಯಲ್ಲಿ ಧ್ವನಿ ಕೆಟ್ಟದ್ದಕ್ಕೆ ಕಾರಣ ಹುಡುಕಿದಾಗೆಲ್ಲ ಕೊನೆಗೆ ಸಿಕ್ಕಿದ್ದು ತೇವವೇ.

ನಾನು ಬಳಸುವ ಡೆಕ್ ರೆವಾಕ್ಸ್ ಕಂಪನಿಯ ಬಿ77; ಅದು ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಮೂರು ಮೋಟಾರು, 10.5 ಇಂಚಿನ ಸ್ಪೂಲ್ ಹಿಡಿಯುವ ಗಾತ್ರ, ಸುಮಾರು 17 ಕಿಲೋ ತೂಕ. ಟೇಪನ್ನು ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್‌ನ ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಿಡಿದಿಡುವುದರಿಂದ ಕರೆಂಟಿನ ಏರಿಳಿತಕ್ಕೆ ಶ್ರುತಿ ಅಲುಗುವುದಿಲ್ಲ. ವೋಲ್ಟೇಜ್ ಸೆಲೆಕ್ಟರ್ ಮಾತ್ರ 240ಕ್ಕೆ ಇರಲಿ. 220ರಲ್ಲೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಸುಮ್ಮನೆ ಬಿಸಿಯಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಸೆಕೆಂಡಿಗೆ 19 ಮತ್ತು 38 ಸೆಂ.ಮೀ. ಓಡುವ, ಟೇಪಿನ ಅಗಲವನ್ನು ಎರಡು ಪಟ್ಟಿಯಾಗಿ ಬಳಸುವ ಹಾಫ್-ಟ್ರ್ಯಾಕ್ ಮಾದರಿಯ ಬಗ್ಗೆ. 2500 ಅಡಿಯ ಸ್ಪೂಲ್ 38ರಲ್ಲಿ ಬರೀ 33 ನಿಮಿಷ ಬರುತ್ತದೆ. ಆದರೆ ಯಕ್ಷಗಾನದ ಚೆಂಡೆಯ ಪೆಟ್ಟನ್ನು ಈ ವೇಗದಲ್ಲಿ ಕೇಳಬೇಕು. ಕೋಲು ತಾಗಿದ ಚೂಪು, ಅದರ ಹಿಂದೆ ಚರ್ಮದ ಝೇಂಕಾರ, ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. 19ರಲ್ಲಿ ಮಟ್ಟ ಜೋರಿಟ್ಟರೆ ಮೊದಲು ಸವೆಯುವುದು ಆ ಚೂಪೇ, ಏಕೆಂದರೆ ನಿಧಾನ ಓಡುವ ಟೇಪು ಮೇಲಿನ ಸ್ವರಗಳಲ್ಲಿ ಬೇಗ ತುಂಬಿಹೋಗುತ್ತದೆ. ಭಾಗವತರ ಪದಕ್ಕೆ, ಮಾತಿಗೆ 19 ಧಾರಾಳ ಸಾಕು.

ಕೊಳ್ಳುವ ಮೊದಲು ಯಂತ್ರದ ಇಕ್ವಲೈಸೇಶನ್, ಅಂದರೆ ದಾಖಲಿಸುವಾಗ ಮತ್ತು ಕೇಳುವಾಗ ಮೇಲು-ಕೆಳಗಿನ ಸ್ವರಗಳನ್ನು ಏರಿಸಿ ಇಳಿಸುವ ಮಾನದಂಡ, ಎನ್‌ಎಬಿಯೋ ಐಇಸಿಯೋ ಎಂದು ಕೇಳಿ ತಿಳಿದುಕೊಳ್ಳಿ. 38ರ ವೇಗದಲ್ಲಿ ಐಇಸಿ ಟೇಪನ್ನು ಎನ್‌ಎಬಿ ಯಂತ್ರದಲ್ಲಿ ಹಾಕಿದರೆ ಮೇಲಿನ ಸ್ವರ ಸುಮಾರು 3 ಡೆಸಿಬೆಲ್ ಏರುತ್ತದೆ, 50 ಹರ್ಟ್ಸ್ ಸುತ್ತ ಅಷ್ಟೇ ಇಳಿಯುತ್ತದೆ. ಈ ತಪ್ಪಿಗೆ ಸ್ಪೀಕರನ್ನು ದೂರುವವರು ಬಹಳ.

ಹಳೆಯ ಯಂತ್ರ ಕೈಗೆ ಬಂದ ಕೂಡಲೇ ಪ್ಲಗ್ ಚುಚ್ಚಬೇಡಿ. ಒಳಗೆ ಪಾರದರ್ಶಕ ಹಳದಿ ಕವಚದ ಕಾಗದದ ಕೆಪಾಸಿಟರುಗಳಿರುತ್ತವೆ. ಕವಚ ಬಿರುಕು ಬಿಟ್ಟು, ಅದರ ಮೂಲಕ ತೇವ ಇಳಿದು, ಒಂದು ದಿನ ಹೊಗೆಯೆದ್ದು ಸಿಡಿಯುತ್ತವೆ. ನಮ್ಮ ಹವೆಯಲ್ಲಿ ಇದು ಬೇಗ ಆಗುತ್ತದೆ. ಎಲ್ಲವನ್ನೂ ತೆಗೆದು ಎಕ್ಸ್2 ದರ್ಜೆಯ (ಮನೆಯ ಕರೆಂಟಿಗೆ ನೇರ ಜೋಡಿಸಬಹುದಾದ ಸುರಕ್ಷತಾ ದರ್ಜೆ) ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿಸಿ. ಬಯಾಸ್ (ದಾಖಲಿಸುವಾಗ ಧ್ವನಿಯ ಜತೆ ಸೇರಿಸುವ ಎತ್ತರದ ಸಂಕೇತ), ಲೆವೆಲ್ ಹೊಂದಿಸುವ ತೆರೆದ ಟ್ರಿಮ್‌ಪಾಟ್‌ಗಳು, ಅಂದರೆ ಸಣ್ಣ ತಿರುಗು ಗುಂಡಿಗಳು, ಕಿಲುಬು ಹಿಡಿದರೆ ಒಂದು ಚಾನೆಲ್ ಕರಕರ ಎನ್ನುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಅವಕ್ಕೂ ಹೊಸತೇ ಮದ್ದು. ಟೇಪನ್ನು ಕ್ಯಾಪ್‌ಸ್ಟನ್‌ಗೆ ಒತ್ತಿ ಹಿಡಿಯುವ ರಬ್ಬರಿನ ಪಿಂಚ್ ರೋಲರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ಯಂತ್ರ ಒಣಗುತ್ತದೆ. ಆಟಿಯಿಡೀ (ತುಳುವರ ಮಳೆಯ ತಿಂಗಳು) ಮುಚ್ಚಿಟ್ಟರೆ ಮುಂದಿನ ತಿಂಗಳಾದ ಸೋಣದಲ್ಲಿ ಸ್ವಿಚ್ಚುಗಳೇ ಸರಿಯಾಗಿ ಕೂರುವುದಿಲ್ಲ.

ಟೇಪಿನ ವಿಷಯ ಇನ್ನೂ ಸೂಕ್ಷ್ಮ. 1970-80ರ ದಶಕದ, ಬೆನ್ನಿಗೆ ಕಪ್ಪು ಲೇಪ ಇರುವ ಎಷ್ಟೋ ಟೇಪುಗಳಲ್ಲಿ ಧ್ವನಿ ದಾಖಲಾಗುವ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಮೆತ್ತಗಾಗುತ್ತದೆ. ಆಂಪೆಕ್ಸ್ 406, 456 ಇದಕ್ಕೆ ಹೆಸರಾದವು. ಓಡುವಾಗ ಕೀರಲು ಸದ್ದು, ಧ್ವನಿ ಓದುವ ಹೆಡ್ ಮೇಲೆ ಕಂದು ಅಂಟು, ಕ್ರಮೇಣ ಮಂಕಾಗುವ ಧ್ವನಿ ಇವು ಗುರುತು. ತಕ್ಷಣ ನಿಲ್ಲಿಸಿ. ಉಷ್ಣತೆ ನಿಖರವಾಗಿ ಹಿಡಿಯುವ ಫುಡ್ ಡೀಹೈಡ್ರೇಟರಿನಲ್ಲಿ 50-54 ಡಿಗ್ರಿಯಲ್ಲಿ ಕನಿಷ್ಠ ಎಂಟು ಗಂಟೆ ಇಟ್ಟು, ಅಷ್ಟೇ ಹೊತ್ತು ತಣಿಯಲು ಬಿಟ್ಟು, ಕೆಲವೇ ವಾರಗಳೊಳಗೆ ನಕಲು ಮಾಡಿಕೊಳ್ಳಬೇಕು. ಅಡುಗೆಯ ಓವನ್ ಖಂಡಿತ ಬೇಡ. ಅಸಿಟೇಟ್ ಟೇಪನ್ನಂತೂ ಬಿಸಿ ಮಾಡಲೇಬಾರದು. ಸುತ್ತಿದ ಸ್ಪೂಲನ್ನು ದೀಪಕ್ಕೆ ಹಿಡಿದಾಗ ಬೆಳಕು ಹಾದು ಬಂದರೆ ಅದು ಅಸಿಟೇಟ್. ವಿನೆಗರ್ ವಾಸನೆ ಬರುತ್ತಿದ್ದರೆ ಅದನ್ನು ಉಳಿದವುಗಳಿಂದ ದೂರ ಇಡಿ.

ಸ್ಪೂಲ್ ಇಡಲು ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್ ಚೆನ್ನಾಗಿದೆ. 10.5 ಇಂಚೆಂದರೆ 26.7 ಸೆಂ.ಮೀ., ಪೆಟ್ಟಿಗೆ ಇನ್ನೂ ಅಗಲ. ಹಾಗಾಗಿ ಕ್ಯಾಬಿನೆಟ್ಟಿನ ಒಳಅಳತೆ ನೋಡದೆ ಕೊಳ್ಳಬೇಡಿ. ಏಸಿ ಕೋಣೆಯಿಂದ ಟೇಪನ್ನು ಸೆಕೆಯ ಹಜಾರಕ್ಕೆ ತಂದರೆ ಪೆಟ್ಟಿಗೆ ತೆರೆಯದೆ ಮೂರ್ನಾಲ್ಕು ಗಂಟೆ ಹಾಗೇ ಇಡಿ, ಇಲ್ಲವಾದರೆ ಮೇಲೆ ನೀರು ಕೂರುತ್ತದೆ. ಕೇಳಿ ಮುಗಿದ ಮೇಲೆ ಹಿಂದಕ್ಕೆ ಸುತ್ತದೆ ಕೊನೆ ಹೊರಗಿರುವಂತೆಯೇ ಎತ್ತಿಡಿ. ಸುತ್ತಿಟ್ಟ ಟೇಪಿನ ಪದರದಿಂದ ಪಕ್ಕದ ಪದರಕ್ಕೆ ಇಳಿಯುವ ಕ್ಷೀಣ ಧ್ವನಿಯಲ್ಲಿ ಹೆಚ್ಚು ಜೋರಿನದು ಆಗ ಮೂಲ ಸ್ವರದ ಹಿಂದೆ ಬಂದು ಅದರಲ್ಲೇ ಮುಚ್ಚಿಹೋಗುತ್ತದೆ.

ಹೆಡ್ಡು, ಗೈಡು, ಕ್ಯಾಪ್‌ಸ್ಟನ್‌ಗಳನ್ನು ಪ್ರತಿ ಸ್ಪೂಲಿಗೂ ಮುನ್ನ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಕಡ್ಡಿಯಿಂದ ಒರೆಸಿ. ರಬ್ಬರ್ ರೋಲರಿಗೆ ಮಾತ್ರ ಸ್ಪಿರಿಟ್ ಬೇಡ. ಸೋಪಿನ ನೀರು ತುಸು ತಾಗಿಸಿದ ಬಟ್ಟೆ ಸಾಕು. ಹೆಡ್ಡಿನಲ್ಲಿ ಉಳಿದ ಕಾಂತವನ್ನು ತೆಗೆಯುವ ಡೀಮ್ಯಾಗ್ನೆಟೈಸರ್ ಹಿಡಿಯುವಾಗ ಡೆಕ್ ಆಫ್ ಇರಲಿ, ಟೇಪುಗಳು ದೂರವಿರಲಿ. ಒಂದು ಮೀಟರ್ ಆಚೆ ಆನ್ ಮಾಡಿ ನಿಧಾನ ಹತ್ತಿರ ತಂದು, ಅಷ್ಟೇ ನಿಧಾನ ಹಿಂದೆ ಎಳೆದ ಮೇಲೆಯೇ ಆಫ್ ಮಾಡಬೇಕು. ಹೆಡ್ ಪಕ್ಕದಲ್ಲೇ ಆಫ್ ಮಾಡಿದರೆ ಮೊದಲಿಗಿಂತ ಹೆಚ್ಚು ಕಾಂತ ಅಲ್ಲಿ ಉಳಿದುಬಿಡುತ್ತದೆ.

ಈ ಮಾದರಿಯ ದೊಡ್ಡ ಕೊರತೆ 9.5ರ ವೇಗ ಇಲ್ಲದಿರುವುದು. ಮನೆಗಳಲ್ಲಿ ಉಳಿದಿರುವ ತಾಳಮದ್ದಳೆ ಸ್ಪೂಲುಗಳು ಟೇಪು ಉಳಿಸಲೆಂದು ಆ ವೇಗದಲ್ಲೇ ದಾಖಲಾಗಿರಬಹುದು. ಅಂಥವನ್ನು 19ರಲ್ಲಿ ಓಡಿಸಿ 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ, ಅಲ್ಲಿ ವೇಗ ಅರ್ಧಕ್ಕೆ ತನ್ನಿ. ಟೇಪು, ಯಂತ್ರ ಎರಡೂ ಎನ್‌ಎಬಿ ಆಗಿದ್ದರೆ ಮೇಲಿನ ಸ್ವರದಲ್ಲಿ ಒಂದು ಡೆಸಿಬೆಲ್ ಕೂಡ ವ್ಯತ್ಯಾಸ ಬರುವುದಿಲ್ಲ. ಹಾಫ್-ಟ್ರ್ಯಾಕ್ ಮೋನೋ ಆಗಿದ್ದರೆ ಈ ಮಗ್ಗುಲಿಗೆ ಎಡ ಚಾನೆಲ್ ಮಾತ್ರ ಇಟ್ಟುಕೊಳ್ಳಿ. ಬಲದಲ್ಲಿ ಕೇಳುವುದು ಇನ್ನೊಂದು ಮಗ್ಗುಲು, ಹಿಂದುಮುಂದಾಗಿ. ಬಲ ಚಾನೆಲನ್ನು ಬೇರೆ ಫೈಲು ಮಾಡಿ ತಿರುಗಿಸಿದರೆ ಅರ್ಥದಾರಿಯ ಉಳಿದ ಮಾತೂ ಒಂದೇ ಓಟದಲ್ಲಿ ಸಿಕ್ಕಿದಂತಾಯಿತು, ಹಳೆಯ ಟೇಪನ್ನು ಎರಡನೆಯ ಸಲ ಓಡಿಸಬೇಕಾಗಿಲ್ಲ.