ಹಳೆಯ ‘ಆರರಿ’ ಕೊಳ್ಳುವ ಮುನ್ನ ಹಿಡಿಕೆ ತಿರುಗಿಸಿ, ಸುತ್ತು ಎಣಿಸಿ

ಲಂಡನ್ನಿನಲ್ಲಿ ನೆಲೆಸಿರುವ ನಾನು ಕಳೆದ ಚಳಿಗಾಲದಲ್ಲಿ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಂದ, 1790ರ ದಶಕದ್ದೆಂಬ ಅವರ ಮಾತನ್ನು ನಂಬಿ, ಹಿತ್ತಾಳೆಯ ಆರರಿಯೊಂದನ್ನು (ಸೌರಮಂಡಲದ ಯಾಂತ್ರಿಕ ಮಾದರಿ) ಕೊಂಡು ವರ್ಷಗಳಿಂದ ಕೂಡಿಟ್ಟಿದ್ದ ಹಣವನ್ನು ಕಳೆದುಕೊಂಡೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ನನ್ನಂತೆ ಮೋಸಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಗ್ರಹಗಳು ಸೂರ್ಯನನ್ನು ಸುತ್ತುವ ಈ ಮಾದರಿಗೆ, ಉಪಕರಣ ತಯಾರಕ ಜಾನ್ ರೌಲಿ 18ನೇ ಶತಮಾನದ ಆರಂಭದಲ್ಲಿ ಅಂಥದೊಂದನ್ನು ‘ಆರರಿಯ ಅರ್ಲ್’ ಎಂಬ ಶ್ರೀಮಂತ ಪದವಿಯ ಚಾರ್ಲ್ಸ್ ಬಾಯ್ಲ್ ಅವರಿಗೆ ಮಾಡಿಕೊಟ್ಟಿದ್ದರಿಂದ ಆ ಹೆಸರು ಬಂತು. ನಾನು ಕೊಂಡದ್ದರಲ್ಲಿ ನೆಪ್ಚೂನ್ ಇತ್ತು. ಆ ಗ್ರಹ ಪತ್ತೆಯಾದದ್ದೇ 1846ರಲ್ಲಿ ಎಂದು ನಾನು ಕೇಳಿದಾಗ, ಅದೊಂದನ್ನು ಹಿಂದಿನ ಮಾಲೀಕರು ಆಮೇಲೆ ಸೇರಿಸಿದ್ದಾರೆ, ಉಳಿದದ್ದೆಲ್ಲ ಮೂಲದ್ದೇ ಎಂದು ವ್ಯಾಪಾರಿ ಸಮಾಧಾನ ಹೇಳಿದರು. ಅಷ್ಟಕ್ಕೇ ಒಪ್ಪಿದ್ದು ನನ್ನ ತಪ್ಪು.

ಮನೆಗೆ ತಂದ ಮೇಲೆ ಭೂಮಿಯ ತೋಳಿಗೆ ಕಾಗದದ ಚೂರೊಂದನ್ನು ಅಂಟಿಸಿ ಸುತ್ತುಗಳನ್ನು ಎಣಿಸಿದೆ. ಬುಧನಿಗೆ ಒಂದು ಸುತ್ತಿಗೆ ಸುಮಾರು 88 ದಿನ, ಶುಕ್ರನಿಗೆ ಸುಮಾರು 225 ದಿನ. ಆದ್ದರಿಂದ ಭೂಮಿ ಹತ್ತು ಸುತ್ತು ಮುಗಿಸುವಷ್ಟರಲ್ಲಿ ಬುಧ ನಲವತ್ತೊಂದನ್ನೂ ಶುಕ್ರ ಹದಿನಾರನ್ನೂ ದಾಟಿರಬೇಕು. ಇದರಲ್ಲಿ ಬುಧ ಇಪ್ಪತ್ತಕ್ಕೆ ನಿಂತಿತು. ತಳ ಬಿಚ್ಚಿ ನೋಡಿದರೆ ಆಮೇಲೆ ಸೇರಿಸಿದ್ದೆಂದ ನೆಪ್ಚೂನಿನ ತೋಳನ್ನು ಹೊತ್ತು ತಿರುಗುವ ಕೊಳವೆಯೂ ಉಳಿದ ಕೊಳವೆಗಳೂ ಒಂದೇ ಬಣ್ಣ, ಒಂದೇ ಕಡೆತ. ಒಳಗಿನ ಸ್ಕ್ರೂಗಳ ತಲೆಯಲ್ಲಿ 1930ರ ದಶಕದಲ್ಲಿ ಬಳಕೆಗೆ ಬಂದ ಫಿಲಿಪ್ಸ್ ಮಾದರಿಯ ಕೂಡುಗುರುತಿನ (+) ಸೀಳು. ಅದನ್ನು ನೋಡಿದಾಗ ಆದ ಸಂಕಟ ಇಂದಿಗೂ ಇಳಿದಿಲ್ಲ.

ಹಣ ವಾಪಸು ಕೇಳಿದಾಗ ವ್ಯಾಪಾರಿ ತೋರಿಸಿದ್ದು ರಸೀದಿಯನ್ನು. ಅದರಲ್ಲಿ ಇದ್ದದ್ದು ‘18ನೇ ಶತಮಾನದ ಶೈಲಿ’ ಎಂಬ ಮಾತು. ಬಾಯಲ್ಲಿ ಹೇಳಿದ ಕಾಲ ಎಲ್ಲಿಯೂ ಇರಲಿಲ್ಲ. ತಯಾರಾದ ಕಾಲವನ್ನು ರಸೀದಿಯಲ್ಲಿ ಬರೆದುಕೊಡದವರಿಗೆ ಮುಂಗಡವನ್ನೂ ಕೊಡಬೇಡಿ.

ಕಡಿಮೆ ಬೆಲೆಯ ಅಸಲಿ ಮಾದರಿಗಳಲ್ಲಿ ಗ್ರಹಗಳನ್ನು ಕೈಯಿಂದಲೇ ಸರಿಸಬೇಕಾಗಿತ್ತು, ಆದ್ದರಿಂದ ಹಲ್ಲುಚಕ್ರ ಇಲ್ಲವೆಂಬ ಮಾತ್ರಕ್ಕೆ ಅನುಮಾನಿಸಬೇಕಿಲ್ಲ. ಹಾಗೆಯೇ 1800ರ ಆಸುಪಾಸಿನ ಮಾದರಿಯಲ್ಲಿ ಯುರೇನಸ್‌ಗೆ ಆರು ಉಪಗ್ರಹಗಳಿದ್ದರೆ ತಪ್ಪೆಂದು ಕೈಬಿಡಬೇಡಿ: ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಆರನ್ನು ಕಂಡೆನೆಂದು ಹೇಳಿದ್ದರು, ನಿಜವಾದದ್ದು ಅವುಗಳಲ್ಲಿ ಎರಡು ಮಾತ್ರ. ಲಂಡನ್ನಿನಲ್ಲಿರುವವರು ರೌಲಿಯವರ ಮೂಲ ಆರರಿ ಇರುವ ಸೈನ್ಸ್ ಮ್ಯೂಸಿಯಂನ ಸಂಗ್ರಹವನ್ನು ಮೊದಲು ನೋಡಿ, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿ.