ಲಿನಿಯಾ ಟಿ-ಜೆಟ್‌ಗೆ ದೊಡ್ಡ ಪಂಪ್, ಹೊಸ ಇಂಜೆಕ್ಟರ್: ತುಮಕೂರಿನಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪ್ ಮತ್ತು ಅದರ ವೈರಿಂಗ್‌ಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗಿದೆ. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ವಸೂಲಾಗಿದೆ. ಬಾನೆಟ್ ತೆರೆದಾಗ ಫಳಫಳ ಹೊಳೆಯಲಿ ಎಂದು ಮಾರುವ ಬಣ್ಣದ ಅಲ್ಯೂಮಿನಿಯಂ ಫ್ಯುಯಲ್ ರೈಲನ್ನು (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ನಾನು ಕೊಳ್ಳಲಿಲ್ಲ. ನೂರೈವತ್ತು ಅಶ್ವಶಕ್ತಿಯ ಕಾರಿಗೆ ಅದು ಬರೀ ಆಭರಣ.

ಕಾರು ಫಿಯೆಟ್ ಲಿನಿಯಾ ಟಿ-ಜೆಟ್. 1368 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್. ಕಾರ್ಖಾನೆಯಿಂದ ಬರುವಾಗ 114 ಅಶ್ವಶಕ್ತಿ, 207 ನ್ಯೂಟನ್ ಮೀಟರ್ ಟಾರ್ಕ್ ಇತ್ತು. 1.4 ಟಿ-ಜೆಟ್ ಎಂಜಿನ್ನೇ ಅಬಾರ್ತ್ ಪುಂಟೊದಲ್ಲಿ 145 ಅಶ್ವಶಕ್ತಿ ಕೊಡುತ್ತಿದ್ದುದರಿಂದ ಲಿನಿಯಾ ಇಟ್ಟುಕೊಂಡವರೆಲ್ಲ ಇಂದಲ್ಲ ನಾಳೆ ಲ್ಯಾಪ್‌ಟಾಪ್ ಹಿಡಿದ ಟ್ಯೂನರ್ ಬಳಿ ಹೋಗಿಯೇ ಹೋಗುತ್ತಾರೆ. ನಾನೂ ಬೆಂಗಳೂರಿಗೆ ಹೋಗಿ ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಮಾಡಿಸಿದೆ. ಬೂಸ್ಟ್, ಅಂದರೆ ಟರ್ಬೊ ಊದುವ ಗಾಳಿಯ ಒತ್ತಡ, 1 ಬಾರ್ ದಾಟಿತು, ಶಕ್ತಿ 150ರ ಹತ್ತಿರ ಬಂತು. ಶಿರಾ ಕಡೆಯ ಹೆದ್ದಾರಿಯಲ್ಲಿ ಲಾರಿ ಸಾಲನ್ನು ಹಿಂದಿಕ್ಕಲು ಗೇರ್ ಇಳಿಸುವ ಅಗತ್ಯವೇ ಇರಲಿಲ್ಲ.

ಕ್ರಮೇಣ 4500 ಆರ್‌ಪಿಎಂ ಮೇಲೆ ಎಳೆತ ಸಡಿಲವಾಗತೊಡಗಿತು. ವೈಡ್‌ಬ್ಯಾಂಡ್ ಗೇಜ್ ಹಾಕಿ ನೋಡಿದಾಗ ಪೂರ್ಣ ಬೂಸ್ಟ್‌ನಲ್ಲಿ 0.80ರ ಸುತ್ತ ಇರಬೇಕಾದ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ; ಅಂಕಿ ಏರಿದಷ್ಟೂ ಪೆಟ್ರೋಲ್ ಕಡಿಮೆ) 0.90 ಮುಟ್ಟುತ್ತಿತ್ತು. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. ಟರ್ಬೊ ಎಂಜಿನ್ ಈ ಸ್ಥಿತಿಯಲ್ಲಿ ಓಡುತ್ತಾ ಹೋದರೆ ಮೊದಲು ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ಹದತಪ್ಪಿ ಸಿಡಿಯುವುದು), ಆಮೇಲೆ ಪಿಸ್ಟನ್ನಿಗೆ ಕುತ್ತು. ಫಿಯೆಟ್ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿರುವ ಈ ಕಾಲದಲ್ಲಿ ಟಿ-ಜೆಟ್ ಪಿಸ್ಟನ್ ಹುಡುಕುವ ಪಾಡು ಯಾರಿಗೂ ಬೇಡ.

ಕಾರಣ ಒಂದಲ್ಲ, ಮೂರು. ಇವನ್ನು ಕೊಂಚ ಬಿಡಿಸಿ ಹೇಳುತ್ತೇನೆ. ಪಂಪ್ ಕೊಳ್ಳುವ ಮುಂಚೆ ಇಷ್ಟು ತಿಳಿದಿದ್ದರೆ ಅಂಗಡಿಯವನ ಮಾತಿಗೆ ತಲೆಯಾಡಿಸುವ ಪ್ರಮೇಯ ಬರುವುದಿಲ್ಲ.

ಈ ಎಂಜಿನ್ನಿನಲ್ಲಿ ಪೆಟ್ರೋಲ್ ಸಿಂಪಡಣೆಯಾಗುವುದು ಇನ್‌ಟೇಕ್ ಪೋರ್ಟಿನೊಳಗೆ. ನನ್ನ ಕಾರಿನ ರೈಲ್‌ನಲ್ಲಿ ಒತ್ತಡ 3.5 ಬಾರ್ ಆಸುಪಾಸು ಇರುತ್ತಿತ್ತು. ಒತ್ತಡದ ರೆಗ್ಯುಲೇಟರ್ ಟ್ಯಾಂಕಿನ ಬಳಿಯೇ ಇರುವುದರಿಂದ ಟರ್ಬೊ ಎಷ್ಟು ಊದುತ್ತಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಇಂಜೆಕ್ಟರಿನ ಬಾಯಿಯ ಹೊರಗೆ 1 ಬಾರ್ ಬೂಸ್ಟ್ ಎದುರು ನಿಂತಾಗ ಒಳಗಿನಿಂದ ತಳ್ಳುವ ನಿವ್ವಳ ಒತ್ತಡ 2.5 ಬಾರ್‌ಗೆ ಇಳಿಯುತ್ತದೆ. ಹರಿವು ಈ ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಸುಮಾರು ಶೇ. 15ರಷ್ಟು ಪೆಟ್ರೋಲ್ ಅಲ್ಲಿಯೇ ಖೋತಾ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ಸರಿದೂಗಿಸುತ್ತದೆ, ನಿಜ. ಆದರೆ 6000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಆವರ್ತಕ್ಕೆ ಸಿಗುವುದೇ 20 ಮಿಲಿಸೆಕೆಂಡು. ಅದರಲ್ಲಿ 17ನ್ನು ಬಳಸಿಕೊಂಡರೆ ಇಂಜೆಕ್ಟರ್ ಶೇ. 85ಕ್ಕೆ ಬಂದು ನಿಂತಂತೆ. ಅದರಾಚೆ ತಳ್ಳುವುದು ಕ್ಷೇಮವಲ್ಲ.

ಎರಡನೆಯದು ಎಥೆನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಈಗ ನಮ್ಮ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಅದೇ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು, ಇ20ಗೆ ಸುಮಾರು 13.5. ಅಷ್ಟೇ ಗಾಳಿಗೆ ಹೆಚ್ಚುಕಡಿಮೆ ಶೇ. 8ರಷ್ಟು ಅಧಿಕ ಇಂಧನ ಹರಿಯಬೇಕು. ಎಥೆನಾಲ್ ಎಂದರೆ ಸಿಡಿಮಿಡಿಗೊಳ್ಳುವವರ ಗುಂಪಿಗೆ ನಾನು ಸೇರಿಲ್ಲ. ಅದರ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಒಳಬರುವ ಗಾಳಿಯನ್ನೂ ತಂಪು ಮಾಡುತ್ತದೆ. ಟರ್ಬೊಗೆ ಎರಡೂ ಒಳ್ಳೆಯವೇ. ಆದರೆ ಆ ಹೆಚ್ಚುವರಿ ಶೇ. 8ನ್ನು ಯಾರಾದರೂ ಟ್ಯಾಂಕಿನಿಂದ ಎತ್ತಿ ಕೊಡಬೇಕಲ್ಲ.

ಮೂರನೆಯದು ಯಾರೂ ಗಮನಿಸದ ವೈರಿಂಗ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೆ, ಪಂಪಿನ ಕನೆಕ್ಟರಿನಲ್ಲಿ 12 ವೋಲ್ಟ್ ಕೂಡ ಇರಲಿಲ್ಲ. ಲೋ ವೋಲ್ಟೇಜ್ ಇರುವಾಗ ತೋಟದ ಬೋರ್‌ವೆಲ್ ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ನೀರು ಮೇಲೆ ಬರುವುದಿಲ್ಲ; ಇಲ್ಲಿಯೂ ಅದೇ ಕಥೆ. ಹಳೆಯ ಪಂಪ್ ಸವೆದಿತ್ತು, ಸರಿ. ಅದಕ್ಕೆ ಸಿಗುತ್ತಿದ್ದ ಕರೆಂಟೂ ಅರೆಬರೆ.

ಪಂಪ್ ಆಗಿ ಆರಿಸಿದ್ದು ವಾಲ್ಬ್ರೋ 255. ಗಂಟೆಗೆ 255 ಲೀಟರ್ ಎಂಬ ಲೆಕ್ಕದಿಂದ ಬಂದ ಹೆಸರು. ಒತ್ತಡ ಏರಿದಂತೆ ಈ ಹರಿವು ಕಡಿಮೆಯಾಗುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಹಾಗಿದ್ದರೂ ನಮ್ಮಂಥ ಕಾರಿಗೆ ಧಾರಾಳವಾಯಿತು. ಈ ಪಂಪಿನ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿ ತುಳುಕುತ್ತಿವೆ. ಆನ್‌ಲೈನ್ ಮಾರಾಟಗಾರನೊಬ್ಬ ನನಗೆ ಮೊದಲು ಕಳಿಸಿದ್ದೂ ನಕಲಿಯೇ. ಅಕ್ಷರಗಳು ಉಗುರಿನಿಂದ ಕೆರೆದರೆ ಏಳುತ್ತಿದ್ದವು, ಕೈಯಲ್ಲಿ ಹಿಡಿದರೆ ತೂಕವಿರಲಿಲ್ಲ. ಹಾಕಿಸದೆ ವಾಪಸ್ ಕಳಿಸಿದೆ. ಹಣ ಮರಳಿಸಲು ಅವನು ಆಡಿಸಿದ ಆಟವನ್ನು ಬರೆದರೆ ಇನ್ನೊಂದು ವಿಮರ್ಶೆಯಾಗುತ್ತದೆ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಡಬ್ಬಿ ಒಡೆಸಿ, ಬಿಲ್ ಬರೆಸಿಕೊಂಡು ತಂದೆ.

ಕೆಲಸ ಮಾಡಿದ್ದು ಅಂತರಸನಹಳ್ಳಿ ಕಡೆಯ ಒಬ್ಬ ಮೆಕ್ಯಾನಿಕ್. ಟರ್ಬೊ ಟ್ಯೂನಿಂಗ್ ಎಂಬ ಬೋರ್ಡು ಅವರಲ್ಲಿಲ್ಲ, ಆದರೆ ಮಲ್ಟಿಮೀಟರ್ ಇದೆ. ನನಗೆ ಅಷ್ಟು ಸಾಕಿತ್ತು. ‘ಸರ್, ಮೊದಲು ವೈರ್ ಸರಿಮಾಡೋಣ, ಪಂಪ್ ಆಮೇಲೆ’ ಎಂದವರೇ ಅವರು. ಬ್ಯಾಟರಿಯಿಂದ ದಪ್ಪ ತಾಮ್ರದ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್). ರಿಲೇಯನ್ನು ಆನ್ ಮಾಡುವುದು ಮಾತ್ರ ಪಂಪಿನ ಹಳೆಯ ತಂತಿಯೇ. ಇದರಲ್ಲಿ ರಾಜಿ ಕೂಡದು. ಅಪಘಾತವಾದಾಗ ಪೆಟ್ರೋಲ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಫಿಯೆಟ್ ಕಾರುಗಳಲ್ಲಿ ಇರುತ್ತದೆ. ನೇರವಾಗಿ ಇಗ್ನಿಷನ್ನಿನಿಂದ ತಂತಿ ಎಳೆದರೆ ಆ ರಕ್ಷಣೆ ತಪ್ಪಿಹೋಗಿ, ಡಿಕ್ಕಿಯಾದ ಮೇಲೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಟ್ಯಾಂಕಿನೊಳಗೆ ಮುಳುಗುವ ಹೋಸ್‌ಗೆ ಎಸ್‌ಎಇ ಜೆ30 ಆರ್10 ದರ್ಜೆಯದನ್ನೇ ಕೇಳಿ ತೆಗೆದುಕೊಳ್ಳಿ. ಮಾಮೂಲಿ ಪೆಟ್ರೋಲ್ ಪೈಪ್ ಒಳಗಿನಿಂದ ಗಟ್ಟಿ, ಹೊರಗಿನಿಂದ ನೆನೆದರೆ ಉಬ್ಬಿ ಸೀಳುತ್ತದೆ.

ಇಂಜೆಕ್ಟರ್ ವಿಷಯ ಬೇಗ ಮುಗಿಸುತ್ತೇನೆ. ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6 ಸಿಸಿ ಎಂದಿಟ್ಟುಕೊಳ್ಳಿ. 150 ಅಶ್ವಶಕ್ತಿಗೆ 900 ಸಿಸಿ, ನಾಲ್ಕು ಸಿಲಿಂಡರ್‌ಗೆ ಹಂಚಿದರೆ 225, ಶೇ. 80ರ ಮಿತಿ ಹಾಕಿದರೆ 280, ಇ20ಗೆ ಕೂಡಿಸಿದರೆ 300. ಬಾಷ್ ಇವಿ14 ಮಾದರಿಯಲ್ಲಿ 360 ಸಿಸಿಯ ಹತ್ತಿರದವನ್ನು ಹಾಕಿಸಿದೆ. 550 ಸಿಸಿ ತೆಗೆದುಕೊಳ್ಳಿ, ನಾಳೆಗೂ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ನಾಳೆಯ ಟರ್ಬೊಗಾಗಿ ಇಂದಿನ ಐಡ್ಲಿಂಗ್ (ಕಾರು ನಿಂತಿದ್ದಾಗ ಎಂಜಿನ್ ಓಡುವ ಹದ) ಕೆಡಿಸಿಕೊಳ್ಳುವುದೇಕೆ? ದೊಡ್ಡ ಇಂಜೆಕ್ಟರ್ ಹಾಕಿದ ಮೇಲೆ ಇಸಿಯುಗೆ ಹೊಸ ಅಂಕಿಗಳನ್ನು ತುಂಬಿಸಲೇಬೇಕು. ಹಾಗೆಯೇ ಓಡಿಸಿದರೆ ಕಾರು ಪೆಟ್ರೋಲ್ ಕುಡಿದು ಹೊಗೆ ಉಗುಳುತ್ತದೆ.

ಈಗ ಪೂರ್ಣ ಬೂಸ್ಟ್‌ನಲ್ಲಿ ರೈಲ್ ಒತ್ತಡ ಅಲುಗಾಡುವುದಿಲ್ಲ, ಲ್ಯಾಂಬ್ಡಾ 0.80 ಬಿಟ್ಟು ಕದಲುವುದಿಲ್ಲ. ಶಕ್ತಿ ಹೆಚ್ಚಾಗಿಲ್ಲ. ಇದ್ದ ಶಕ್ತಿ ಮರಳಿ ಬಂದಿದೆ, ಬಿಸಿಲಿನಲ್ಲೂ ಉಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಪಾವಗಡ ರಸ್ತೆಯಲ್ಲಿ ಓಡಿಸಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಪೆಟ್ರೋಲ್, ಟೈಮಿಂಗ್, ಬೂಸ್ಟ್ ಎಂದು ಮೂರು ದಿಕ್ಕಿನಲ್ಲಿ ಹುಡುಕುತ್ತಿದ್ದ ತಲೆನೋವು ಹೋಯಿತು.

ಕೊರತೆಗಳೂ ಇವೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಪಂಪಿನ ಕೀರಲು ಸದ್ದು ಸದಾ ಕೇಳಿಸುತ್ತದೆ. ನಮ್ಮ ಮನೆಯವರು ಅದಕ್ಕೆ ಇನ್ನೂ ಒಗ್ಗಿಲ್ಲ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದಾಗ ದೇವರಾಯನದುರ್ಗದ ತಿರುವುಗಳನ್ನು ಹತ್ತಿದರೆ ಎಂಜಿನ್ ಒಂದು ಕ್ಷಣ ಎಡವುತ್ತದೆ. ಪಂಪ್ ಕೂರುವ ಬುಟ್ಟಿಯಲ್ಲಿನ ಪೆಟ್ರೋಲನ್ನು ಈ ದೊಡ್ಡ ಪಂಪ್ ಬೇಗ ಖಾಲಿ ಮಾಡಿಬಿಡುತ್ತದೆ. ಅರ್ಧ ಟ್ಯಾಂಕ್ ಇಟ್ಟುಕೊಂಡರೆ ಆಯಿತು, ಅದಕ್ಕೆಂದು ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಒದಗಿಸುವ ಚಿಕ್ಕ ಹೆಚ್ಚುವರಿ ಟ್ಯಾಂಕ್) ಹಾಕಿಸುವಷ್ಟು ಹುಚ್ಚು ನನಗಿಲ್ಲ. ಮೈಲೇಜ್ ಇ20 ಬಂದಾಗ ಇಳಿದದ್ದು ಇಳಿದಂತೆಯೇ ಇದೆ. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಯಾವ ಪಂಪೂ ಅದನ್ನು ಮರಳಿ ತರಲಾರದು.

ಕಾನೂನಿನ ಮಾತು: ಕಂಪನಿಯ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ವಿಮೆಯವರು ತಕರಾರು ತೆಗೆಯುವುದೂ ಇಂಥಲ್ಲಿಯೇ. ಲೆಕ್ಕ ಹಾಕಿ ಮುಂದುವರಿಯಿರಿ.

ಎಲ್ಲ ಸೇರಿ ಖರ್ಚು ಎಂಬತ್ತು ಸಾವಿರದ ಆಸುಪಾಸು, ಗೇಜ್ ಮತ್ತು ಮರು ಟ್ಯೂನಿಂಗ್ ಸೇರಿಸಿ. ಕೈ ಬಿಗಿಯಿದ್ದರೆ ಮೊದಲು ವೈರಿಂಗ್, ಆಮೇಲೆ ಪಂಪ್, ಇಂಜೆಕ್ಟರ್ ಕಡೆಗೆ. ಪಂಪ್ ಕೊಳ್ಳುವಾಗ ಅದರ ತಳಕ್ಕೆ ಹಾಕುವ ಜಾಲರಿ ಫಿಲ್ಟರನ್ನು ಎರಡು ತೆಗೆದುಕೊಳ್ಳಿ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಎಥೆನಾಲ್ ಸಡಿಲಿಸುತ್ತದೆ, ಮೊದಲನೆಯ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ.